ಹಾಡು ಹಚ್ಚುವ ಕೈ, ಕೇಳುವ ಕಿವಿ
(ಪುಣೆಯಲ್ಲಿ ನಮ್ಮ ಸಂಘದ ಭಾನುವಾರದ ಸಭೆಯಲ್ಲಿ ಸದಸ್ಯರೊಬ್ಬರು ಮಾಡಿದ ಭಾಷಣ)



ಭಾಷಣ ಮಾಡಿ ರೂಢಿಯಿಲ್ಲದವನು ನಾನು. ಕುಂದಾಪುರದ ಕಡೆಯಿಂದ ಹುಡುಗನಾಗಿ ಬಂದು ಇಪ್ಪತ್ತೆರಡು ವರ್ಷ ಈ ಪುಣೆಯ ಹೊಟೇಲುಗಳಲ್ಲಿ ಕಪ್ಪು-ಬಸಿ ತೊಳೆಯುವುದರಿಂದ ಹಿಡಿದು ದೋಸೆಯ ಕಾವಲಿಯವರೆಗೆ ದುಡಿದೆ. ಹೊಟೇಲು ಮುಚ್ಚಿದ ಮೇಲೆ, ಆರು ವರ್ಷದಿಂದ ಒಂದು ವೃದ್ಧಾಶ್ರಮದಲ್ಲಿ ಹಿರಿಯರ ಆರೈಕೆಯ ಕೆಲಸದಲ್ಲಿದ್ದೇನೆ. ಕಾರ್ಯದರ್ಶಿಗಳು “ನಿಮ್ಮ ಅನುಭವ ಹೇಳಿರಿ” ಎಂದರು. ಹೇಳಲು ಹೊರಟರೆ ಮೊದಲು ನೆನಪಾದದ್ದು ನಾನು ಮಾಡಿದ ಒಂದು ತಪ್ಪು. ಅದನ್ನೇ ನಿಮ್ಮ ಮುಂದೆ ಇಡುತ್ತೇನೆ.

ಹಾಡಿಲ್ಲದ ದುಡಿಮೆ ನಮ್ಮವರಿಗೆ ಗೊತ್ತಿಲ್ಲ. ಬೀಸುವಾಗ, ಕುಟ್ಟುವಾಗ, ನಾಟಿ ಮಾಡುವಾಗ ನಮ್ಮ ತಾಯಂದಿರು ಹಾಡಿದರು. ಮಹಾಯುದ್ಧದ ಕಾಲದಲ್ಲಿ, ೧೯೪೦ರ ಜೂನ್ ತಿಂಗಳಲ್ಲಿ, ಇಂಗ್ಲೆಂಡಿನ ಬಿ.ಬಿ.ಸಿ. ರೇಡಿಯೋ ಕಾರ್ಖಾನೆಯ ಕಾರ್ಮಿಕರಿಗೆಂದೇ ಸಂಗೀತದ ಕಾರ್ಯಕ್ರಮ ಆರಂಭಿಸಿತು. ಅದು ೧೯೬೭ರವರೆಗೆ ನಡೆಯಿತು. ನಮ್ಮಲ್ಲಿ ೧೯೫೭ರ ಅಕ್ಟೋಬರ್ ೩ರಂದು ವಿವಿಧ ಭಾರತಿ ಬಂದ ಮೇಲೆ ಎಷ್ಟು ಹೊಟೇಲುಗಳ ಗಲ್ಲೆಯ ಮೇಲೆ ರೇಡಿಯೋ ಕೂತಿತೆಂಬುದನ್ನು ನಿಮ್ಮಲ್ಲಿಯ ಹಿರಿಯರೇ ಹೇಳಬಲ್ಲರು. ಆದುದರಿಂದ ಕೆಲಸಗಾರ ಹಾಡು ಹಚ್ಚುವುದು ಅಪರಾಧವೆಂದು ನಾನು ಹೇಳಲು ಬಂದಿಲ್ಲ.

ಆದರೆ ಹೊಟೇಲಿನ ಗಿರಾಕಿಗೆ ಹಾಡು ಸೇರದಿದ್ದರೆ ಚಹ ಕುಡಿದು ಎದ್ದು ಹೋಗುತ್ತಾನೆ. ಹಾಸಿಗೆ ಹಿಡಿದ ಮುದುಕಿ ಎಲ್ಲಿಗೆ ಎದ್ದು ಹೋಗಬೇಕು?

ನಮ್ಮ ವಾರ್ಡಿನಲ್ಲಿ ಬೆಳಿಗ್ಗೆ ಆರಕ್ಕೆ ಸ್ನಾನದ ಗಡಿಬಿಡಿ. ಮಾವಶಿಯೊಬ್ಬಳು ಕಿಟಕಿಯ ಕಟ್ಟೆಯ ಮೇಲೆ ಮೊಬೈಲಿಟ್ಟು ಸಿನೆಮಾ ಹಾಡು ಹಚ್ಚುವಳು. “ಇವರಿಗೆ ಕಿವಿ ಮಂದ, ಜೋರಾಗಿರಲಿ” ಎಂದು ಧ್ವನಿ ಏರಿಸುತ್ತಿದ್ದವನು ನಾನು. ಇದೇ ನನ್ನ ತಪ್ಪು.

ಮಂದವಾದ ಕಿವಿಗೆ ಜೋರಾದ ಸದ್ದು ಔಷಧವಲ್ಲ. ಮುಪ್ಪಿನಲ್ಲಿ ಮೊದಲು ಹೋಗುವುದು ಎತ್ತರದ, ಸಣ್ಣ ಸ್ವರಗಳ ಕೇಳ್ಮೆ. ಸ, ಶ, ತ, ಕ ಇಂಥ ಅಕ್ಷರಗಳು ಮಸುಕಾಗುತ್ತವೆ. ಮಾತಿನ ಸದ್ದು ಬರುತ್ತದೆ, ಅರ್ಥ ಬರುವುದಿಲ್ಲ. ಹಿಂದೆ ಹಾಡು ಮೊಳಗುತ್ತಿದ್ದರೆ ಎದುರಿನವರ ಮಾತು ಪೂರ್ತಿ ಮುಳುಗಿಹೋಗುತ್ತದೆ. ಇಂಥ ಕಿವಿಗೆ ಮೆಲ್ಲನೆಯ ಸದ್ದು ಕೇಳಿಸದು, ಸ್ವಲ್ಪ ಏರಿದರೆ ನೋವಾಗುತ್ತದೆ. ಕಿವಿಯ ಯಂತ್ರ ಹಾಕಿದರೆ ಮಾತಿನೊಡನೆ ಗದ್ದಲವೂ ಏರುತ್ತದೆ. ಮಗ್ಗದ ಖಾತೆಯಲ್ಲಿ ಆಯುಷ್ಯ ಕಳೆದ ಅಣ್ಣಂದಿರಿಗೆ ಇದನ್ನು ನಾನು ಹೇಳಿಕೊಡಬೇಕಾಗಿಲ್ಲ. ಸಾಧಾರಣ ಮಾತುಕತೆ ೬೦ ಡೆಸಿಬೆಲ್ ಆದರೆ ಮಗ್ಗಗಳ ಸದ್ದು ೯೦ನ್ನೂ ದಾಟುತ್ತಿತ್ತು. ಆ ಕಿವಿಗಳೇ ನಾಳೆ ವೃದ್ಧಾಶ್ರಮಕ್ಕೆ ಬರುವ ಕಿವಿಗಳು.

ನಮ್ಮಲ್ಲಿ ಗದಗಿನ ಕಡೆಯ ಅಜ್ಜಿಯೊಬ್ಬರಿದ್ದರು. ಐವತ್ತು ವರ್ಷ ಪುಣೆಯಲ್ಲಿದ್ದು ಮರಾಠಿಯನ್ನು ನೀರಿನಂತೆ ಆಡುತ್ತಿದ್ದರಂತೆ. ಮರೆವಿನ ರೋಗ ಹತ್ತಿದ ಮೇಲೆ ಮರಾಠಿ ಹೋಯಿತು, ಕನ್ನಡ ಉಳಿಯಿತು. ಆಮೇಲೆ ಕಲಿತ ಭಾಷೆ ಮೊದಲು ಕಳೆದುಹೋಗುವುದು ಈ ರೋಗದವರಲ್ಲಿ ಹಲವರಿಗೆ ಆಗುತ್ತದೆ. ಹಾಡು ಹಚ್ಚಿದಾಗಲೆಲ್ಲ ಅವರು ಕಿವಿಗೆ ಬಡಿದುಕೊಳ್ಳುವರು, ತುತ್ತು ಉಗುಳುವರು. “ಹಟಮಾರಿ” ಎಂದೆವು, ವಹಿಯಲ್ಲಿಯೂ ಹಾಗೆಯೇ ಬರೆದೆವು. ದಿನೇ ದಿನೇ ಅವರು ಸೊರಗಿದರು.

ಒಂದು ಬೆಳಿಗ್ಗೆ ಮಾವಶಿಯ ಮೊಬೈಲು ಕೆಟ್ಟಿತ್ತು. ವಾರ್ಡು ಸುಮ್ಮನಿತ್ತು. ಅಜ್ಜಿ ಗಂಜಿ ಪೂರ್ತಿ ಕುಡಿದರು. ನನ್ನನ್ನು ನೋಡಿ, “ಯಪ್ಪಾ, ಇವತ್ತ ಸಂತಿ ಇಲ್ಲೇನು?” ಎಂದರು. ನಮ್ಮ ಹಾಡು ಅವರಿಗೆ ಇಷ್ಟು ದಿನ ಸಂತೆಯ ಗದ್ದಲವಾಗಿತ್ತು! ಸ್ವಲ್ಪ ಹೊತ್ತಿನಲ್ಲಿ ಅವರ ಬಲಗೈ ಹೊದಿಕೆಯ ಮೇಲೆ ಸುತ್ತತೊಡಗಿತು, ಬಾಯಲ್ಲಿ ಏನೋ ರಾಗ. ನನಗೆ ತಿಳಿಯಲಿಲ್ಲ. ಸೊಲ್ಲಾಪುರದ ಕಡೆಯವಳಾದ ಆ ಮಾವಶಿಗೆ ತಿಳಿಯಿತು. “ಆಜಿ ಬೀಸುತ್ತಿದ್ದಾರೆ” ಎಂದಳು. ಹತ್ತಿರ ಕುಳಿತು ತನ್ನ ತಾಯಿಯ ಓವಿಯನ್ನು ಮರಾಠಿಯಲ್ಲಿ ಮೆಲ್ಲನೆ ಹಾಡಿದಳು. ಭಾಷೆ ಬೇರೆ, ಬೀಸುಕಲ್ಲು ಒಂದೇ. ಇದೇ ಪುಣೆಯಲ್ಲಿ ಹೇಮಾ ರಾಯರಕರ ಮತ್ತು ಗೀ ಪೋಯ್ತವಾಂ ಎಂಬವರು ತಮ್ಮ ಸಂಗಡಿಗರೊಡನೆ ಮಹಾರಾಷ್ಟ್ರದ ಹಳ್ಳಿಗಳಿಂದ ಇಂಥ ಲಕ್ಷಕ್ಕೂ ಹೆಚ್ಚು ಬೀಸುವ ಪದಗಳನ್ನು ಕೂಡಿಹಾಕಿದ್ದಾರೆಂದು ನನಗೆ ಆಮೇಲೆ ಗೊತ್ತಾಯಿತು.

ಕತೆ ಇಲ್ಲಿಗೆ ಮುಗಿದಿದ್ದರೆ ಚೆನ್ನಾಗಿತ್ತು. ನಾನು ಎರಡನೆಯ ತಪ್ಪು ಮಾಡಿದೆ. ಒಳ್ಳೆಯ ಸಂಗೀತ ಎಲ್ಲರಿಗೂ ಒಳ್ಳೆಯದೆಂದು ಬಗೆದು ಮರುದಿನ ಇಡೀ ವಾರ್ಡಿಗೆ ಭೀಮಸೇನ ಜೋಶಿಯವರನ್ನು ಹಚ್ಚಿದೆ. ೧೯೨೨ರಲ್ಲಿ ಗದಗ ಸೀಮೆಯಲ್ಲಿ ಹುಟ್ಟಿ, ಪುಣೆಯಲ್ಲಿ ನೆಲೆಸಿ, ೨೦೧೧ರಲ್ಲಿ ಇಲ್ಲಿಯೇ ತೀರಿಕೊಂಡವರು. ಗುರುಗಳ ಹೆಸರಿನಲ್ಲಿ ಪುಣೆಯಲ್ಲಿ ೧೯೫೩ರಿಂದ ಸವಾಯಿ ಗಂಧರ್ವ ಉತ್ಸವ ನಡೆಸಿದವರು. ದಾಸರ ಪದ, ಅಭಂಗ ಎರಡನ್ನೂ ಹಾಡಿದವರು. ಇನ್ನೇನು ಬೇಕೆಂದುಕೊಂಡೆ. ಒಬ್ಬ ಅಜ್ಜ ಕೈಮುಗಿದರು. ರೈಲ್ವೆಯಲ್ಲಿದ್ದ ಇನ್ನೊಬ್ಬರು, “ನನಗೆ ತಲತ್ ಮಹಮೂದ್ ಬೇಕು, ಇದು ಬೇಡ” ಎಂದು ಗದರಿದರು. ಮೂಲೆಯ ಹಾಸಿಗೆಯ ತಾಯಿ ಗೋಡೆಗೆ ಮುಖ ತಿರುಗಿಸಿ ಅತ್ತರು. ಅವರ ಯಜಮಾನರು ತೀರಿಕೊಂಡ ಬೆಳಿಗ್ಗೆ ಮನೆಯಲ್ಲಿ ಅದೇ ಅಭಂಗ ನಡೆದಿತ್ತಂತೆ.

ಅಂದು ನನಗೆ ಬುದ್ಧಿ ಬಂತು. ಹಾಡು ಮೇಲೋ ಕೀಳೋ ಎಂಬುದಕ್ಕಿಂತ ಮೊದಲು, ಕೇಳುವವರನ್ನು ಕೇಳಿದೆವೆ ಎಂಬ ಪ್ರಶ್ನೆಯಿದೆ. ಅಮೇರಿಕೆಯ ಲಿಂಡಾ ಗರ್ಡನರ್ ಎಂಬ ದಾದಿ-ಸಂಶೋಧಕಿ ೨೦೦೦ದಲ್ಲಿ ಪ್ರಕಟಿಸಿದ ಅಧ್ಯಯನವೂ ಇದನ್ನೇ ಹೇಳುತ್ತದೆ. ಮರೆವಿನ ರೋಗದ ೩೯ ಮಂದಿಗೆ ಎರಡು ಬಗೆಯ ಸಂಗೀತ ಕೇಳಿಸಿದರು. ಎಲ್ಲರಿಗೂ ಒಂದೇ ಆದ ಶಾಸ್ತ್ರೀಯ ಸಂಗೀತಕ್ಕಿಂತ ಅವರವರ ಮೆಚ್ಚಿನ ಹಾಡಿನಿಂದ ಅವರ ತಳಮಳ ಹೆಚ್ಚು ತಗ್ಗಿತು. ಸಾಮಾನ್ಯವಾಗಿ ಹರೆಯದಲ್ಲಿ ಕೇಳಿದ ಹಾಡೇ ಕೊನೆಯವರೆಗೆ ಅಂಟಿಕೊಂಡಿರುತ್ತದೆ.

ಇನ್ನು ಮಾವಶಿಯ ಮಾತನ್ನೂ ಕೇಳಿರಿ. “ಭಾವು, ಹನ್ನೆರಡು ತಾಸು ಮಲಮೂತ್ರ ಬಳಿಯುತ್ತೇನೆ. ಹಾಡೂ ಇಲ್ಲದಿದ್ದರೆ ಹೇಗೆ ಇರಲಿ?” ಎಂದಳು. ಈ ಮಾತಿಗೆ ಉತ್ತರ ಕೊಡದೆ ಅವಳ ಮೊಬೈಲು ಕಸಿದರೆ ಅದು ನ್ಯಾಯವಲ್ಲ. ಅವಳ ದಣಿವು ನಿಜ, ಅಜ್ಜಿಯ ಸಂಕಟವೂ ನಿಜ. ಒಬ್ಬರ ಸಮಾಧಾನವನ್ನು ಇನ್ನೊಬ್ಬರ ಕಿವಿಯಿಂದ ವಸೂಲು ಮಾಡಬಾರದು, ಅಷ್ಟೆ.

ಕೂಡಿ ಕುಳಿತು ನಾವು ಮಾಡಿಕೊಂಡ ಕಟ್ಟಳೆ ಹೀಗಿದೆ. ಸ್ನಾನ, ಊಟ, ಔಷಧದ ಹೊತ್ತಿನಲ್ಲಿ ವಾರ್ಡಿನಲ್ಲಿ ಹಾಡೂ ಇಲ್ಲ, ಟೀವಿಯೂ ಇಲ್ಲ. ಅಡಿಗೆಮನೆ, ಬಟ್ಟೆ ಒಗೆಯುವ ಜಾಗದಲ್ಲಿ ಬಾಗಿಲು ಮುಚ್ಚಿ ಕೆಲಸಗಾರರ ಹಾಡು. ಪ್ರತಿಯೊಬ್ಬ ಹಿರಿಯರ ಹಾಸಿಗೆಗೆ ಒಂದು ಚೀಟಿ: ಯಾವ ಹಾಡು ಬೇಕು, ಯಾವುದು ಬೇಡ, ಯಾವ ಹೊತ್ತಿಗೆ, ಯಾವ ಕಿವಿ ಮೇಲು. ಹೇಳಲಾರದವರಿದ್ದರೆ ಮಕ್ಕಳನ್ನು ಕೇಳುವುದು. ಹಚ್ಚಿದ ಮೇಲೆ ಮುಖ ನೋಡುವುದು. ಹುಬ್ಬು ಗಂಟಿಕ್ಕಿದರೆ ನಿಲ್ಲಿಸುವುದು. ರಾತ್ರಿ ಹತ್ತರಿಂದ ಬೆಳಿಗ್ಗೆ ಆರರವರೆಗೆ ಪೂರ್ಣ ಮೌನ. ೨೦೦೦ದ ಶಬ್ದಮಾಲಿನ್ಯ ನಿಯಮಗಳು ಬೀದಿಯ ಧ್ವನಿವರ್ಧಕಕ್ಕೆ ಇದೇ ಹೊತ್ತನ್ನು ನಿಷೇಧಿಸಿವೆ. ಗಣಪತಿಯ ಮೆರವಣಿಗೆಗೆ ನಿಯಮ ಕೇಳುವ ನಾವು ಕಿಟಕಿಯ ಕಟ್ಟೆಗೂ ಅದನ್ನು ಪಾಲಿಸಬೇಡವೆ?

ಆಡಳಿತದವರಿಗೆ ನಾವು ಎರಡು ಬೇಡಿಕೆ ಕೊಟ್ಟೆವು: ಎಂಟು ತಾಸಿನ ಪಾಳಿ, ಕೆಲಸಗಾರರಿಗೆ ಕುಳಿತು ದಣಿವಾರಿಸಿಕೊಳ್ಳಲು ಒಂದು ಕೋಣೆ. ಕೋಣೆ ಸಿಕ್ಕಿದೆ. ಪಾಳಿ ಇನ್ನೂ ಹನ್ನೆರಡು ತಾಸಿನದೇ. ಆ ಹೋರಾಟಕ್ಕೆ ಸಂಘದ ಬೆಂಬಲ ಬೇಕು.

ಸಂಘಕ್ಕೆ ಇನ್ನೊಂದು ವಿನಂತಿ. ಈ ಊರಿನ ವೃದ್ಧಾಶ್ರಮಗಳಲ್ಲಿ ಕನ್ನಡದ ಹಿರಿಯರು ಅಲ್ಲೊಬ್ಬರು ಇಲ್ಲೊಬ್ಬರು ಇದ್ದಾರೆ. ತಿಂಗಳಿಗೊಂದು ಭಾನುವಾರ ಇಬ್ಬಿಬ್ಬರಾಗಿ ಹೋಗಿರಿ. ಹಣ್ಣು ಒಯ್ಯದಿದ್ದರೂ ನಡೆದೀತು. “ನಿಮಗೆ ಯಾವ ಹಾಡು ಬೇಕು?” ಎಂದು ಅವರ ನುಡಿಯಲ್ಲಿ ಕೇಳಿ, ಚೀಟಿ ಬರೆದುಕೊಟ್ಟು ಬನ್ನಿರಿ. ಹಾಗೆಯೇ ನಿಮ್ಮ ಮೆಚ್ಚಿನ ಹಾಡುಗಳನ್ನೂ ಇಂದೇ ಮಕ್ಕಳಿಗೆ ಹೇಳಿಡಿರಿ.

ಆ ಅಜ್ಜಿ ಹೋದ ಚಳಿಗಾಲದಲ್ಲಿ ತೀರಿಕೊಂಡರು. ಅವರ ವಹಿಯಲ್ಲಿದ್ದ “ಹಟಮಾರಿ” ಎಂಬ ಮಾತನ್ನು ನಾನೇ ಹೊಡೆದುಹಾಕಿ, “ಸದ್ದು ಸಹಿಸರು, ಬೀಸುವ ಪದ ಮೆಚ್ಚುವರು” ಎಂದು ಬರೆದಿದ್ದೆ. ಅಷ್ಟನ್ನು ತಿಳಿಯಲು ನಮಗೆ ಏಳು ತಿಂಗಳು ಹಿಡಿದಿತ್ತು. ಇನ್ನೊಬ್ಬರ ವಿಷಯದಲ್ಲಿ ಅಷ್ಟು ತಡವಾಗದಿರಲೆಂದೇ ಇಷ್ಟು ಹೇಳಿದೆ.