ಪರದೇಶದ ಮಕ್ಕಳು, ಊರಿನ ಮತ

ಬಸವನಗುಡಿ, ಮಲ್ಲೇಶ್ವರ, ಚಾಮರಾಜಪೇಟೆ—ಈ ಮೂರು ಹೆಸರುಗಳನ್ನು ಹಳೆಯ ಬೆಂಗಳೂರಿನವರು ಒಂದೇ ಉಸಿರಿನಲ್ಲಿ ಹೇಳುವುದು ವಾಡಿಕೆ. ಲೋಕಸಭೆಯ ಚುನಾವಣೆ ಬಂದಾಗ ಮಾತ್ರ ಮೂರಕ್ಕೂ ಮೂರು ದಾರಿ. ಬಸವನಗುಡಿಯವರ ವೋಟು ಬೆಂಗಳೂರು ದಕ್ಷಿಣಕ್ಕೆ, ಮಲ್ಲೇಶ್ವರದವರದು ಉತ್ತರಕ್ಕೆ, ಚಾಮರಾಜಪೇಟೆಯವರದು ಕೇಂದ್ರಕ್ಕೆ. ಕ್ಷೇತ್ರ ಬೇರೆಯಾದರೂ ಮೂರು ಕಡೆಯ ಮನೆಗಳಲ್ಲಿಯೂ ಈಚೆಗೆ ಒಂದು ಸಂಗತಿ ಸಮಾನವಾಗಿದೆ. ಮನೆಯಲ್ಲಿರುವವರು ವಯಸ್ಸಾದ ಗಂಡ ಹೆಂಡತಿ. ಮಕ್ಕಳಿರುವುದು ಮಸ್ಕತ್ತಿನಲ್ಲಿ, ದುಬೈಯಲ್ಲಿ, ಸಿಂಗಪುರದಲ್ಲಿ, ಅಮೆರಿಕದಲ್ಲಿ. ಗೋಡೆಗೆ ಎರಡು ಗಡಿಯಾರ ತೂಗುಹಾಕಿ, ಒಂದನ್ನು ಮಗನ ಊರಿನ ವೇಳೆಗೆ ತಿರುಗಿಸಿಟ್ಟುಕೊಂಡ ಮನೆಗಳನ್ನೂ ನಾನು ನೋಡಿದ್ದೇನೆ. ಇಂಥ ಮನೆಯ ಬಾಗಿಲಿಗೆ ಮತದಾರರ ಪಟ್ಟಿ ಹಿಡಿದು ಬಂದವರು “ಮನೆಯಲ್ಲಿ ವೋಟು ಇರುವವರು ಎಷ್ಟು ಜನ?” ಎಂದು ಕೇಳಿದರೆ ಏನು ಹೇಳಬೇಕು ಎಂಬುದೇ ಇಂದು ನಾನು ತಮ್ಮ ಮುಂದೆ ಇಡುತ್ತಿರುವ ವಿಷಯ.

ನಮ್ಮ ಬೀದಿಯ ತಾಯಿಯೊಬ್ಬರು 2024ರ ಚುನಾವಣೆಗೆ ಮೊದಲು ಇದೇ ಪ್ರಶ್ನೆಯನ್ನು ಹೊತ್ತುಕೊಂಡು ನನ್ನಲ್ಲಿಗೆ ಬಂದಿದ್ದರು. ಅವರ ಮಗಳು ನನ್ನ ಶಿಷ್ಯೆ. ಮಸ್ಕತ್ತಿನಲ್ಲಿರುವ ಭಾರತೀಯ ಶಾಲೆಯೊಂದರಲ್ಲಿ ವಿಜ್ಞಾನದ ಉಪಾಧ್ಯಾಯಿನಿ. ಪಟ್ಟಿಯವರು ಬಂದಾಗ ಈ ತಾಯಿ “ಮೂರು ಜನ” ಎಂದುಬಿಟ್ಟಿದ್ದರು. ಆಮೇಲೆ ಯಾರೋ, ಪರದೇಶದಲ್ಲಿರುವವರ ಹೆಸರನ್ನು ತೆಗೆಸಬೇಕು ಎಂದು ಹೇಳಿದರಂತೆ.

“ಅವಳೇನು ಮನೆ ಬಿಟ್ಟು ಹೋಗಿದಾಳೆಯೇ ಮೇಷ್ಟ್ರೇ? ಅವಳ ಮಂಚ ಇದೆ, ಪುಸ್ತಕ ಇದೆ, ಬೀರುವಿನಲ್ಲಿ ಸೀರೆ ಇದೆ. ಯುಗಾದಿಗೆ ಹೋಳಿಗೆ ಮಾಡಿದರೆ ಅವಳ ಪಾಲು ಎತ್ತಿಟ್ಟು, ಸಾಯಂಕಾಲ ಕೆಲಸದವಳ ಮಗುವಿಗೆ ಕೊಡ್ತೇನೆ. ನನ್ನ ಕೈಯಾರೆ ಅವಳ ಹೆಸರು ತೆಗೆಸು ಅಂದರೆ ಹೇಗೆ?”

ಈ ಮಾತನ್ನು ತಳ್ಳಿಹಾಕುವುದು ಸುಲಭವಲ್ಲ. ತಾಯಿಯ ಲೆಕ್ಕದಲ್ಲಿ ಮಗಳು ಮನೆಯಲ್ಲಿದ್ದಾಳೆ. ಕಾನೂನಿನ ಲೆಕ್ಕದಲ್ಲಿ ಇಲ್ಲ. 1950ರ ಪ್ರಜಾಪ್ರಾತಿನಿಧ್ಯ ಅಧಿನಿಯಮವು ‘ಸಾಮಾನ್ಯ ನಿವಾಸಿ’ ಎಂಬ ಮಾತನ್ನು ಹಿಡಿದುಕೊಂಡಿದೆ. ನಾಲ್ಕು ದಿನ ತೀರ್ಥಯಾತ್ರೆಗೆ ಹೋದರೆ ನಿವಾಸ ತಪ್ಪುವುದಿಲ್ಲ; ನೌಕರಿ ಹಿಡಿದು ವರ್ಷಾನುಗಟ್ಟಲೆ ಬೇರೆ ದೇಶದಲ್ಲಿ ನೆಲೆಸಿದರೆ ತಪ್ಪುತ್ತದೆ; ಇಲ್ಲಿ ಸ್ವಂತ ಮನೆ ಇದೆ ಎಂಬ ಒಂದೇ ಕಾರಣ ಸಾಲದು. ವ್ಯಾಕರಣ ಓದಿದವನಿಗೆ ಇಲ್ಲೊಂದು ತಮಾಷೆ ಕಾಣುತ್ತದೆ. ‘ವಸ್’ ಎಂಬುದು ಒಂದೇ ಧಾತು. ‘ನಿ’ ಎಂಬ ಉಪಸರ್ಗ ಬಂದರೆ ನಿವಾಸಿ, ‘ಪ್ರ’ ಬಂದರೆ ಪ್ರವಾಸಿ. ಇಷ್ಟು ಸಣ್ಣ ಉಪಸರ್ಗದಿಂದ ಒಬ್ಬನ ವೋಟು ಇದ್ದೂ ಇಲ್ಲದಂತಾಗಬಹುದೆಂದು ನಮ್ಮ ವೈಯಾಕರಣರು ಊಹಿಸಿರಲಿಕ್ಕಿಲ್ಲ.

ಹಿಂದೆ ಇದು ಇನ್ನೂ ಕಠಿಣವಾಗಿತ್ತು. ಸರ್ಕಾರದ ನೌಕರರಾಗಿ ಹೊರದೇಶದಲ್ಲಿ ನಿಯುಕ್ತರಾದವರಿಗೆ ಮೊದಲಿನಿಂದಲೂ ಊರಿನ ಪಟ್ಟಿಯಲ್ಲಿ ಸ್ಥಾನವಿತ್ತು, ಅಂಚೆಯ ಮೂಲಕ ಮತಪತ್ರವೂ ಹೋಗುತ್ತಿತ್ತು. ಖಾಸಗಿ ನೌಕರಿಯವರಿಗೆ ಆ ಅನುಕೂಲವಿರಲಿಲ್ಲ. ಐವತ್ತು ಅರವತ್ತರ ದಶಕಗಳಲ್ಲಿ ಭಾರತದಿಂದ ಎಷ್ಟೋ ಉಪಾಧ್ಯಾಯರು ಇಥಿಯೋಪಿಯಕ್ಕೆ ಹೋಗಿ ಅಲ್ಲಿಯ ಮಕ್ಕಳಿಗೆ ಗಣಿತ, ಭೂಗೋಳ ಕಲಿಸಿದರು. ಅತ್ತ ಇಥಿಯೋಪಿಯದ ಪೌರರಲ್ಲ, ಇತ್ತ ಊರಿನ ಮತದಾರರೂ ಅಲ್ಲ. ಕೊಲ್ಲಿ ದೇಶಗಳ ಸ್ಥಿತಿ ಇಂದಿಗೂ ಹೆಚ್ಚು ಕಡಿಮೆ ಹಾಗೆಯೇ. ಅಲ್ಲಿ ಇಪ್ಪತ್ತು ವರ್ಷ ಪಾಠ ಹೇಳಿದರೂ ಅಲ್ಲಿಯ ಪೌರರಾಗುವುದು ಬಲು ಅಪರೂಪ. ಊರಿನಲ್ಲಿ ವೋಟಿಲ್ಲದಿದ್ದರೆ ಅಂಥವರಿಗೆ ಭೂಮಂಡಲದಲ್ಲಿ ಎಲ್ಲಿಯೂ ವೋಟಿಲ್ಲ.

ಈ ಕೊರತೆಯನ್ನು ತುಂಬಲೆಂದು 2010ರಲ್ಲಿ ಕಾನೂನು ತಿದ್ದುಪಡಿಯಾಯಿತು. 2011ರ ಫೆಬ್ರವರಿ 10ರಿಂದ ಅದು ಜಾರಿಗೆ ಬಂತು. ಭಾರತದ ಪೌರತ್ವ ಉಳಿಸಿಕೊಂಡು, ವಿದ್ಯೆಗೋ ಉದ್ಯೋಗಕ್ಕೋ ಹೊರದೇಶದಲ್ಲಿರುವವರು ‘ಸಾಗರೋತ್ತರ ಮತದಾರ’ರಾಗಿ, ಪಾಸ್‌ಪೋರ್ಟಿನಲ್ಲಿ ಬರೆದಿರುವ ಊರಿನ ವಿಳಾಸದಲ್ಲಿ ಹೆಸರು ಸೇರಿಸಿಕೊಳ್ಳಬಹುದು. ನಮೂನೆ 6ಎ ಎಂಬ ಅರ್ಜಿಯನ್ನು ಅಲ್ಲಿಂದಲೇ ಚುನಾವಣಾ ಆಯೋಗದ ಅಂತರಜಾಲ ತಾಣದಲ್ಲಿ ತುಂಬಬಹುದು, ಅಂಚೆಯಲ್ಲಿಯೂ ಕಳುಹಿಸಬಹುದು. ಪಾಸ್‌ಪೋರ್ಟಿನ ಪುಟಗಳ ಪ್ರತಿ, ವೀಸಾ ಮುದ್ರೆಯ ಪ್ರತಿ ಜೊತೆಗಿರಬೇಕು. ಪರಿಶೀಲನೆಗೆ ಬಿ.ಎಲ್.ಓ. ಮನೆಗೆ ಬರುತ್ತಾರೆ, ಆಗ ಮನೆಯವರು ದಾಖಲೆ ನಿಜವೆಂದು ಹೇಳಿಕೆ ಕೊಡಬೇಕು. ಹೇಳಿಕೆ ಕೊಡುವವರು ಊರಿನಲ್ಲಿ ಯಾರೂ ಇಲ್ಲದಿದ್ದರೆ ಕಾಗದಗಳು ಆ ದೇಶದ ನಮ್ಮ ರಾಯಭಾರ ಕಚೇರಿಗೆ ಹೋಗಿ ಬರುತ್ತವೆ. ಹಳೆಯ ಗುರುತಿನ ಚೀಟಿಯನ್ನು ಒಪ್ಪಿಸಬೇಕು, ಹೊಸದನ್ನು ಕೊಡುವುದಿಲ್ಲ. ಹೆಸರು ಮಾತ್ರ ಅದೇ ಬೀದಿಯ ಪಟ್ಟಿಯ ಕೊನೆಯಲ್ಲಿ, ಬೇರೆ ವಿಭಾಗವಾಗಿ ಅಚ್ಚಾಗುತ್ತದೆ.

ಇಷ್ಟೆಲ್ಲ ಆದಮೇಲೆ ವೋಟು ಹಾಕುವುದು ಹೇಗೆ? ಅಸಲು ಪಾಸ್‌ಪೋರ್ಟು ಹಿಡಿದು, ಖುದ್ದಾಗಿ, ತನ್ನ ಬೀದಿಯ ಮತಗಟ್ಟೆಗೇ ಬಂದು. ಮಣೆ ಹಾಕಿದೆ, ಎಲೆ ಬಡಿಸಿದೆ. ಬಂದು ಕೂತರೆ ಊಟ. ಬುತ್ತಿ ಕಟ್ಟಿ ಕಳುಹಿಸುವ ಪದ್ಧತಿ ಇಲ್ಲ.

ಉಪಾಧ್ಯಾಯರ ಪಾಲಿಗೆ ಈ ‘ಬಂದು ಕೂರುವುದು’ ಎಂಥ ಕಷ್ಟವೆಂಬುದನ್ನು ದಿನದರ್ಶಿಕೆಯೇ ಹೇಳುತ್ತದೆ. ಬೆಂಗಳೂರಿನಲ್ಲಿ ಲೋಕಸಭೆಗೆ ಮತದಾನ ನಡೆದದ್ದು 2014ರಲ್ಲಿ ಏಪ್ರಿಲ್ 17ರಂದು, 2019ರಲ್ಲಿ ಏಪ್ರಿಲ್ 18ರಂದು, 2024ರಲ್ಲಿ ಏಪ್ರಿಲ್ 26ರಂದು. ವಿಧಾನಸಭೆಗೆ 2023ರ ಮೇ 10ರಂದು. ನಮಗೆ ಇಲ್ಲಿ ಬೇಸಗೆ ರಜೆ. ಕೊಲ್ಲಿಯ ಭಾರತೀಯ ಶಾಲೆಗಳಲ್ಲಿ ಏಪ್ರಿಲ್ ಎಂದರೆ ಹೊಸ ವರ್ಷದ ಪಾಠ ಆರಂಭವಾಗುವ ತಿಂಗಳು. ಅವರ ದೊಡ್ಡ ರಜೆ ಬಿಸಿಲು ನೆತ್ತಿಗೇರಿದ ಮೇಲೆ, ಜೂನಿನ ಸುಮಾರಿಗೆ. ಪಲಿತಾಂಶವೂ ಬಂದು, ಮಂತ್ರಿಗಳ ಪ್ರಮಾಣವಚನವೂ ಮುಗಿದಮೇಲೆ ಮೇಷ್ಟರು ಪೆಟ್ಟಿಗೆ ಹಿಡಿದು ಊರಿಗೆ ಬರುತ್ತಾರೆ.

ನಮ್ಮ ಬೀದಿಯ ಮಗಳು ಅರ್ಜಿ ತುಂಬಿದಳು. ತಾಯಿ ಹೇಳಿಕೆ ಕೊಟ್ಟು, ಬೀರುವಿನಿಂದ ಚೀಟಿಯನ್ನೂ ತೆಗೆದುಕೊಟ್ಟರು. ಏಪ್ರಿಲ್ 26 ಶುಕ್ರವಾರ. ಒಮಾನಿನಲ್ಲಿ ಶುಕ್ರವಾರ, ಶನಿವಾರ ವಾರದ ರಜೆ. ಗುರುವಾರ ರಾತ್ರಿ ಹೊರಟು ಶನಿವಾರ ಹಿಂದಿರುಗಲು ಸಾಧ್ಯವಿತ್ತು. ಆದರೆ ಹೋಗಿ ಬರುವ ವಿಮಾನದ ದುಡ್ಡಿನಲ್ಲಿ ಅವಳು ಆ ತಿಂಗಳು ತಂದೆಯ ಕಣ್ಣಿನ ಶಸ್ತ್ರಚಿಕಿತ್ಸೆ ಮಾಡಿಸಿದಳು. ಯಾವುದು ಹೆಚ್ಚು, ಯಾವುದು ಕಡಿಮೆ ಎಂದು ತಕ್ಕಡಿ ಹಿಡಿಯಲು ನಾನು ಸಿದ್ಧನಿಲ್ಲ.

ಅವಳೊಬ್ಬಳೇ ಅಲ್ಲ. ಚುನಾವಣಾ ಆಯೋಗವೇ ಕೊಟ್ಟ ಲೆಕ್ಕದ ಪ್ರಕಾರ 2024ರಲ್ಲಿ ದೇಶದ ಪಟ್ಟಿಗಳಲ್ಲಿದ್ದ ಸಾಗರೋತ್ತರ ಮತದಾರರು 1,19,374. ಬಂದು ವೋಟು ಹಾಕಿದವರು 2,958. ಆ ಪೈಕಿ 2,670 ಮಂದಿ ಕೇರಳದವರು. ಉಳಿದ ದೇಶವೆಲ್ಲ ಸೇರಿ ಮುನ್ನೂರು ಜನ ಇಲ್ಲ. ಹೊರದೇಶಗಳಲ್ಲಿ ಭಾರತೀಯ ಪೌರರು ಕೋಟಿಗೂ ಮೀರಿ ಇದ್ದಾರೆಂಬುದನ್ನು ನೆನೆದರೆ, ಹೆಸರು ಸೇರಿಸಿದವರೇ ಎಷ್ಟು ಕಡಿಮೆ ಎಂಬುದೂ ತಿಳಿಯುತ್ತದೆ.

ಅಲ್ಲಿಂದಲೇ ವೋಟು ಹಾಕುವ ದಾರಿ ತೆರೆಯಬೇಕೆಂಬ ಪ್ರಯತ್ನ ನಡೆದೇ ಇದೆ. ವಿಷಯ ಸುಪ್ರೀಂ ಕೋರ್ಟಿನ ಮುಂದೆ ಹೋಯಿತು; ಆಯೋಗದ ಸಮಿತಿ 2014ರಲ್ಲಿ ಎರಡು ದಾರಿ ಸೂಚಿಸಿತು. ಒಂದು, ಮತಪತ್ರವನ್ನು ವಿದ್ಯುನ್ಮಾನದ ಮೂಲಕ ಕಳುಹಿಸಿ ಗುರುತು ಹಾಕಿದ್ದನ್ನು ಅಂಚೆಯಲ್ಲಿ ತರಿಸುವುದು. ಇನ್ನೊಂದು, ಊರಿನಲ್ಲಿರುವ ಒಬ್ಬರನ್ನು ಬದಲಿಯಾಗಿ ನೇಮಿಸುವುದು. ಸೇನೆಯವರಿಗೆ 2003ರಿಂದ ಬದಲಿಯ ಸೌಲಭ್ಯವಿದೆ. ಅದನ್ನೇ ಸಾಗರೋತ್ತರರಿಗೂ ವಿಸ್ತರಿಸುವ ಮಸೂದೆ 2018ರ ಆಗಸ್ಟ್ 9ರಂದು ಲೋಕಸಭೆಯಲ್ಲಿ ಅಂಗೀಕಾರವಾಯಿತು. ರಾಜ್ಯಸಭೆಯಲ್ಲಿ ಅಂಗೀಕಾರವಾಗುವ ಮೊದಲೇ 2019ರಲ್ಲಿ ಲೋಕಸಭೆ ವಿಸರ್ಜನೆಯಾಗಿ ಬಿದ್ದುಹೋಯಿತು. ಅಂಚೆಯ ಏರ್ಪಾಡಿಗೆ ತಾನು ಸಿದ್ಧವೆಂದು ಆಯೋಗ 2020ರಲ್ಲಿ ಕಾನೂನು ಮಂತ್ರಾಲಯಕ್ಕೆ ಬರೆಯಿತು.

ಆ ಬದಲಿಯ ಮಸೂದೆ ಬಿದ್ದುಹೋದದ್ದು ಒಳ್ಳೆಯದೇ ಆಯಿತೆಂದು ನನ್ನ ಅಭಿಪ್ರಾಯ. ನಮ್ಮ ಮನೆಗಳಲ್ಲಿ ಬದಲಿ ಎಂದರೆ ಯಾರು? ಮಗಳಿಗೆ ಅಪ್ಪ, ಸೊಸೆಗೆ ಮಾವ, ತಂಗಿಗೆ ಅಣ್ಣ. “ನೀನು ಯಾರಿಗೆ ಹೇಳಿದೆಯೋ ಅವರಿಗೇ ಒತ್ತಿದೆ ಕಣಮ್ಮ” ಎಂದು ಅಪ್ಪ ಹೇಳಿದರೆ ಯಾವ ಮಗಳು ಪ್ರಶ್ನಿಸುತ್ತಾಳೆ? 1951–52ರ ಮೊದಲ ಮಹಾಚುನಾವಣೆಯ ಪಟ್ಟಿ ಸಿದ್ಧವಾಗುವಾಗ, ಬಹುಮಟ್ಟಿಗೆ ಉತ್ತರದ ಪ್ರಾಂತಗಳಲ್ಲಿ, ಸುಮಾರು 28 ಲಕ್ಷ ಹೆಂಗಸರು ತಮ್ಮ ಹೆಸರು ಹೇಳದೆ ‘ಇಂಥವರ ಹೆಂಡತಿ’, ‘ಇಂಥವರ ಮಗಳು’ ಎಂದು ಬರೆಸಿದ್ದರು. ಅವರನ್ನು ಪಟ್ಟಿಯಿಂದ ಬಿಡಬೇಕಾಯಿತು. ಹೆಣ್ಣಿನ ಹೆಸರು ಅವಳದೇ ಆಗಿ ಪಟ್ಟಿಗೆ ಬರಲು ಅಷ್ಟು ಪಾಡು ಪಟ್ಟಮೇಲೆ, ಅವಳ ಗುಂಡಿಯನ್ನು ಪುನಃ ಅಪ್ಪನ ಬೆರಳಿಗೆ ಒಪ್ಪಿಸುವುದೇ? ಅಂಚೆಯ ದಾರಿಗೂ ಆಕ್ಷೇಪಗಳಿಲ್ಲದೆ ಇಲ್ಲ. ಒಂದೇ ಕೋಣೆಯಲ್ಲಿ ಎಂಟು ಹತ್ತು ಕೂಲಿಕಾರರು ಮಲಗುವ ಬಿಡಾರದಲ್ಲಿ ಗುಟ್ಟು ಉಳಿಯುವುದು ಹೇಗೆಂದು ಕೇಳುವವರ ಮಾತಿನಲ್ಲಿ ಹುರುಳಿದೆ. ರಾಯಭಾರ ಕಚೇರಿಯಲ್ಲಿಯೇ ಮತಗಟ್ಟೆ ತೆರೆದರೆ ಆ ಭಯ ಕಡಿಮೆ. ಹಾಗೆ ಮಾಡುವ ದೇಶಗಳಿವೆ. ದೂರ ಹೋಗಬೇಕಾಗಿಲ್ಲ, ಪುದುಚೇರಿಯಲ್ಲಿ ನೆಲೆಸಿರುವ ಫ್ರೆಂಚ್ ಪೌರರು ಫ್ರಾನ್ಸಿನ ಅಧ್ಯಕ್ಷರ ಚುನಾವಣೆಗೆ ಅಲ್ಲಿಯೇ ವೋಟು ಹಾಕುತ್ತಾರೆ.

“ಊರಿನ ಕಸ, ನೀರು, ಗುಂಡಿಬಿದ್ದ ರಸ್ತೆ ಅನುಭವಿಸುವವರು ನಾವು, ಅಲ್ಲಿದ್ದವರಿಗೇಕೆ ವೋಟು?” ಎಂದು ಗಾಂಧಿಬಜಾರಿನ ಕಾಫಿಯ ಮುಂದೆ ವಾದಿಸುವ ಗೆಳೆಯರೂ ನನಗಿದ್ದಾರೆ. ಅಪ್ಪ ಅಮ್ಮ ಅದೇ ರಸ್ತೆಯಲ್ಲಿ ಊರುಗೋಲು ಊರಿಕೊಂಡು ನಡೆಯುತ್ತಿರುವಾಗ ಮಕ್ಕಳಿಗೆ ಆ ಗುಂಡಿಯ ಚಿಂತೆ ಇಲ್ಲವೆಂದು ನಾನು ನಂಬಲಾರೆ.

ಕಾನೂನು ಬದಲಾಗುವ ತನಕ ಮನೆಯವರು ತಿಳಿದಿರಬೇಕಾದದ್ದು ಒಂದೆರಡಿದೆ. ಅಮೆರಿಕದ ಪೌರತ್ವ ಪಡೆದು ಓ.ಸಿ.ಐ. ಚೀಟಿ ಇಟ್ಟುಕೊಂಡ ಮಗನಿಗೆ ಇಲ್ಲಿ ವೋಟಿಲ್ಲ. ಆ ಚೀಟಿಯ ಹೆಸರಿನಲ್ಲಿ ‘ನಾಗರಿಕ’ ಎಂಬ ಮಾತು ಸೇರಿಕೊಂಡಿರುವುದರಿಂದ ಓದಿದವರಿಗೂ ಗೊಂದಲ. ಪಾಸ್‌ಪೋರ್ಟು ಭಾರತದ್ದೇ ಆಗಿದ್ದರೆ, ಹದಿನೆಂಟು ತುಂಬುವ ಮುಂಚೆಯೇ ಓದಲು ಹೋದ ಹುಡುಗನೂ ವಯಸ್ಸು ತುಂಬಿದ ಮೇಲೆ ಅಲ್ಲಿಂದಲೇ 6ಎ ತುಂಬಬಹುದು.

ಇನ್ನೊಂದು, ಮತಗಟ್ಟೆಯ ಕೆಲಸಕ್ಕೆ ಹಲವು ಸಲ ಕುಳಿತವನಾಗಿ ಹೇಳುತ್ತೇನೆ. ಊರಿನಲ್ಲಿಲ್ಲದವರ ಹೆಸರು ಸಾಮಾನ್ಯ ಪಟ್ಟಿಯಲ್ಲಿ ಸುಮ್ಮನೆ ಉಳಿದರೆ, ಅದು ಖಾಲಿ ಮನೆಗೆ ಬೀಗ ಹಾಕದೆ ಹೋದಂತೆ. ಇಲ್ಲದವರು, ಸ್ಥಳ ಬಿಟ್ಟವರು, ತೀರಿಹೋದವರು ಎಂದು ಬೇರೆ ಪಟ್ಟಿ ಮಾಡಿ ನಮ್ಮ ಕೈಗೆ ಕೊಟ್ಟಿರುತ್ತಾರೆ ನಿಜ. ಆದರೆ ಮನೆಯವರೇ “ಇದ್ದಾಳೆ” ಎಂದು ಹೇಳಿದ ಹೆಸರು ಆ ಪಟ್ಟಿಗೆ ಬರುವುದು ಹೇಗೆ? ಬೇರೆ ಯಾರೋ ಆ ಹೆಸರಿನಲ್ಲಿ ಬಂದು, ಮೈಸೂರಿನ ಕಾರ್ಖಾನೆಯಲ್ಲಿ ತಯಾರಾದ ಆ ಅಳಿಸದ ಮಸಿಯನ್ನು ಬೆರಳಿಗೆ ಹಚ್ಚಿಸಿಕೊಂಡು ಹೋದರೆ, ನಿಜವಾದ ಮಗಳು ರಜೆ ಹಾಕಿ ಬಂದ ವರ್ಷ ಅವಳಿಗೆ ಸಿಗುವುದು ಲಕೋಟೆಯಲ್ಲಿ ಮುಚ್ಚಿಡುವ ಟೆಂಡರ್ ಮತಪತ್ರ. ಎಣಿಕೆಯ ದಿನ ಅದು ಲೆಕ್ಕಕ್ಕೆ ಬರುವುದಿಲ್ಲ. ತಿಳಿದೂ ಸುಳ್ಳು ಹೇಳಿಕೆ ಕೊಟ್ಟರೆ ಒಂದು ವರ್ಷದವರೆಗೆ ಸೆರೆಯೋ ದಂಡವೋ ಎರಡೂ ಉಂಟು. ಆ ತಾಯಿಗೆ ಇದನ್ನು ಹೇಳಿದಾಗ ಅವರು ಹೆದರಿದ್ದು ಸೆರೆಗಲ್ಲ. “ಯಾರೋ ನನ್ನ ಮಗಳಾಗಿ ಬಂದು ಹೋಗಬಹುದೇ?” ಎಂದು ಎರಡು ಸಲ ಕೇಳಿದರು. ಅರ್ಜಿಗೆ ಒಪ್ಪಿದ್ದು ಆಮೇಲೆ.

ಶಾಶ್ವತವಾಗಿ ಊರಿಗೆ ಹಿಂದಿರುಗಿದವರು ಸುಮ್ಮನಿರಬಾರದು; ನೋಂದಣಿ ಅಧಿಕಾರಿಗೆ ತಿಳಿಸಿ, ನಮೂನೆ 6ನ್ನು ಹೊಸದಾಗಿ ತುಂಬಬೇಕು. ಆಗ ಹೆಸರು ಪಟ್ಟಿಯ ಕೊನೆಯ ವಿಭಾಗದಿಂದ ಎದ್ದು, ಮನೆಯ ನಂಬರಿನ ಪಕ್ಕದಲ್ಲಿ, ಅಪ್ಪ ಅಮ್ಮನ ಹೆಸರುಗಳ ಕೆಳಗೆ ಬಂದು ಕೂರುತ್ತದೆ. ಹೊಸ ಚೀಟಿಯೂ ಬರುತ್ತದೆ.