ನಿದ್ದೆ ಬಂತು ಕಣ್ರೀ

(ಸಂಘದ ವಾರ್ಷಿಕೋತ್ಸವದಲ್ಲಿ ಆಡಿದ ಮಾತು)

ನಾನು ಭಾಷಣಗಾರ ಅಲ್ಲ. ತುಮಕೂರಿನಲ್ಲಿ ಐಟಿಐ ಮುಗಿಸಿ, ಒಂಬತ್ತು ವರ್ಷದಿಂದ ದುಬೈನಲ್ಲಿ ಎಲೆಕ್ಟ್ರಿಷಿಯನ್ ಕೆಲಸ ಮಾಡ್ತಿದ್ದೇನೆ. ಪ್ರತಿ ವರ್ಷ ಮೈಕ್ ಕೈಕೊಟ್ಟಾಗ ನನ್ನನ್ನು ಕರೀತಿದ್ರಿ, ಮೈಕ್ ಮುಂದೆ ನಿಲ್ಲಿಸಿದ್ದು ಇದೇ ಮೊದಲು. ತಪ್ಪಿದ್ರೆ ಹೊಟ್ಟೆಗೆ ಹಾಕಿಕೊಳ್ಳಿ.

ಕಳೆದ ವರ್ಷ ನನ್ನ ಹೆಂಡತಿ ತೀರಿಕೊಂಡಳು. ವಯಸ್ಸು 32. ಎದೆಯಲ್ಲಿ ಗಂಟು ಕಂಡಿದ್ದನ್ನ ಎಂಟು ತಿಂಗಳು ನನಗೆ ಹೇಳಿರಲಿಲ್ಲ. "ನೀವು ಅಲ್ಲಿ ಬಿಸಿಲಲ್ಲಿ ದುಡೀತಿರ್ತೀರ, ಹೇಳಿ ಯಾಕೆ ಚಿಂತೆ ಹಚ್ಚೋದು ಅಂತ ಸುಮ್ನಾದೆ" ಅಂದಳು. ಡಾಕ್ಟರಿಗೆ ತೋರಿಸೋ ಹೊತ್ತಿಗೆ ಕ್ಯಾನ್ಸರ್ ಮೂಳೆಗೆ ಹೋಗಿತ್ತು. ಕೀಮೋ ಆಯ್ತು, ರೇಡಿಯೇಶನ್ ಆಯ್ತು, ಐದು ಲಕ್ಷ ಸಾಲ ಆಯ್ತು. ಕೊನೆಗೆ ಆಸ್ಪತ್ರೆಯವರು, "ಇನ್ನು ಮಾಡೋದು ಏನೂ ಇಲ್ಲ, ಮನೆಗೆ ಕರ್ಕೊಂಡು ಹೋಗಿ" ಅಂದರು. ಮನೆಗೆ ಕರ್ಕೊಂಡು ಹೋದ ಮೇಲೆ ನೋವಿಗೆ ಏನು ಮಾಡಬೇಕು ಅಂತ ಯಾರೂ ಹೇಳಲಿಲ್ಲ.

ಬೆನ್ನುಮೂಳೆ ನೋವು. ಮಗ್ಗುಲು ಬದಲಾಯಿಸಿದರೂ ಕಿರುಚುತ್ತಿದ್ದಳು. ಆರು ವರ್ಷದ ಮಗಳು ಪಕ್ಕದ ಮನೆಗೆ ಓಡಿಹೋಗಿ ಕೂರ್ತಿದ್ದಳು. ನಾನು ಇಲ್ಲಿ ಕ್ಯಾಂಪಿನ ಮೇಲಿನ ಮಂಚದಲ್ಲಿ, ಹೊದಿಕೆಯೊಳಗೆ ಫೋನ್ ಹಿಡ್ಕೊಂಡು ಅದನ್ನೆಲ್ಲ ವಿಡಿಯೋದಲ್ಲಿ ನೋಡ್ತಿದ್ದೆ. ಬೆಳಗ್ಗೆ ನಾಲ್ಕೂವರೆಗೆ ಎದ್ದು ಸೈಟ್ ಬಸ್ ಹತ್ತುತ್ತಿದ್ದೆ.

ಆಗ ನನ್ನ ಬಾಮೈದ ಫೋನ್ ಮಾಡಿದ. "ಭಾವ, ಬೆಂಗಳೂರಲ್ಲಿ ಮಾರತ್ತಹಳ್ಳಿ ಹತ್ರ ಕರುಣಾಶ್ರಯ ಅಂತ ಇದೆಯಂತೆ. ಇಂಥವರನ್ನೇ ನೋಡ್ಕೊತಾರಂತೆ. ಸೇರಿಸೋಣ್ವಾ?" ನಾನು ಬೇಡ ಅಂದೆ. "ಹೆಂಡ್ತೀನ ಸಾಯೋಕೆ ಬಿಟ್ಟು ಬಂದ ಅಂತ ಊರವರು ಆಡ್ಕೊತಾರೆ ಕಣೋ" ಅಂದೆ. ಹಾಗೆ ಹದಿನಾರು ದಿನ ಕಳೆದವು. ಆ ಹದಿನಾರು ದಿನದ ನೋವು ಕಾಯಿಲೆಯಿಂದ ಎಷ್ಟೋ ನನ್ನಿಂದ ಎಷ್ಟೋ, ನನಗೆ ಇವತ್ತಿಗೂ ಲೆಕ್ಕ ಹತ್ತಿಲ್ಲ.

ಬುದ್ಧಿ ಹೇಳಿದ್ದು ನಮ್ಮ ರೂಮಿನ ಕೋಯಿಕ್ಕೋಡ್‌ನ ಹಿರಿಯರು. ನಾವೆಲ್ಲ ಇಕ್ಕ ಅಂತೀವಿ. ಅವರ ಊರಲ್ಲಿ 1993ರಲ್ಲೇ ನೋವು ಮತ್ತು ಉಪಶಮನ ಆರೈಕೆಯ ಸಂಸ್ಥೆ ಶುರುವಾಗಿದೆ. ಅಂಗಡಿಯವರು, ಆಟೋದವರು, ಕಾಲೇಜು ಹುಡುಗರು ಎಲ್ಲ ಸೇರಿ ರೋಗಿಗಳ ಮನೆಗೆ ಹೋಗ್ತಾರಂತೆ. "ಅದು ಸಾಯೋಕೆ ಬಿಡೋ ಜಾಗ ಅಲ್ಲಪ್ಪ, ನೋವು ಇಳಿಸೋ ಜಾಗ. ನಮ್ಮಮ್ಮನಿಗೂ ಅವರೇ ಮಾಡಿದ್ದು" ಅಂದರು. ಅವತ್ತು ರಾತ್ರಿಯೇ ಬಾಮೈದನಿಗೆ ಹ್ಞೂಂ ಅಂದೆ.

ಸೇರಿಸಿದ ಮೂರನೇ ದಿನ ಅವಳೇ ಫೋನ್ ಮಾಡಿದಳು. "ರೀ, ನಿನ್ನೆ ರಾತ್ರಿ ನಿದ್ದೆ ಬಂತು ಕಣ್ರೀ." ಎಷ್ಟೋ ವಾರದ ಮೇಲೆ ಅವಳು ಅಳದೆ ಮಾತಾಡಿದ್ದು. ನಾನು ರಜೆ ಹಾಕಿ ಹೊರಟೆ. ಕೊನೆಯ ಹನ್ನೆರಡು ದಿನ ಜೊತೆಗಿದ್ದೆ.

ಅಲ್ಲಿ ಕಂಡದ್ದನ್ನ ಹೇಳ್ತೀನಿ. ನೋವನ್ನ ಅಳೆಯೋಕೆ ನನ್ನ ಹತ್ರ ಇರೋ ಯಾವ ಮೀಟರೂ ಆಗಲ್ಲ. ನರ್ಸಮ್ಮ ಬಂದು, "ಹತ್ತಕ್ಕೆ ಎಷ್ಟಿದೆಯಮ್ಮ ನೋವು?" ಅಂತ ಕೇಳೋರು. ಅವಳು ಹೇಳಿದ್ದೇ ಲೆಕ್ಕ. ಬಾಯಿಂದ ನುಂಗೋ ಮಾರ್ಫಿನ್, ನಾಲ್ಕು ಗಂಟೆಗೊಮ್ಮೆ. ನೋವು ಬರಲಿ ಅಂತ ಕಾಯೋದಿಲ್ಲ, ಗಡಿಯಾರ ನೋಡಿ ಕೊಡೋದು. ಮಲಬದ್ಧತೆ ಆಗುತ್ತೆ ಅಂತ ಅದಕ್ಕೂ ಜೊತೆಗೇ ಔಷಧಿ. ಮಾರ್ಫಿನ್ ಅಂದ್ರೆ ಚಟ, ಸಾವು ಬೇಗ ಬರುತ್ತೆ ಅಂತ ನಾನೂ ತಿಳ್ಕೊಂಡಿದ್ದೆ. ಡಾಕ್ಟರು ನೋಡಿ ಅಳತೆಯಾಗಿ ಕೊಟ್ಟರೆ ಹಾಗಾಗಲ್ಲ ಅಂತ ಕೂರಿಸ್ಕೊಂಡು ಹೇಳಿದರು. ನೋವು ಪೂರ್ತಿ ಹೋಯಿತು ಅಂತಲ್ಲ, ಎರಡಕ್ಕೋ ಮೂರಕ್ಕೋ ಇಳೀತು. ಎರಡು ತುತ್ತು ಮುದ್ದೆ, ಬಸ್ಸಾರು ತಿಂದಳು. ಮಗಳಿಗೆ ಜಡೆ ಹಾಕಿದಳು, ಅರ್ಧಕ್ಕೆ ಕೈ ಸೋತಿತು, ಉಳಿದದ್ದು ನಾನು ಹೆಣೆದೆ. ಸೊಟ್ಟಗಾಯ್ತು ಅಂತ ನಕ್ಕಳು. ಬೆಳಗಿನ ಜಾವ ನನ್ನ ಕೈ ಹಿಡಿದೇ ಹೋದಳು.

ಬಿಲ್ ಎಷ್ಟು ಅಂತ ಕೇಳೋಕೆ ಹೋದೆ. ಇಲ್ಲ ಅಂದರು. ಆ ಟ್ರಸ್ಟ್ ಶುರುವಾಗಿದ್ದು 1994ರಲ್ಲಿ, ಅವತ್ತಿಂದ ರೋಗಿಗಳ ಹತ್ತಿರ ದುಡ್ಡು ತಗೊಳ್ಳೋದಿಲ್ಲ. ಹಾಗಾದ್ರೆ ಹಾಸಿಗೆ, ಔಷಧಿ, ನರ್ಸ್ ಸಂಬಳ? ಹೆಚ್ಚಿನದೆಲ್ಲ ಜನ ಕೊಟ್ಟ ದುಡ್ಡು. ಯಾರೋ ಗೊತ್ತಿಲ್ಲದವರು ಕೊಟ್ಟ ದುಡ್ಡಿನಲ್ಲಿ ನನ್ನ ಹೆಂಡತಿ ನಿದ್ದೆ ಮಾಡಿದಳು.

ವಾಪಸ್ ಬಂದವನೇ ಕ್ಯಾಂಪಿನಲ್ಲಿ ಡಬ್ಬಿ ಇಡೋಕೆ ಹೊರಟೆ. ಸಂಘದ ಹಿರಿಯರು ತಡೆದರು, ಒಳ್ಳೇದೇ ಆಯ್ತು. ಈ ದೇಶದಲ್ಲಿ ಪರವಾನಗಿ ಇಲ್ಲದೆ ಚಂದಾ ಎತ್ತೋದು ಅಪರಾಧ. ವಾಟ್ಸಾಪಲ್ಲಿ ಕೇಳಿದರೂ ಅಷ್ಟೇ. ಅದಕ್ಕೆ ನಾನು ಯಾರ ಕೈಯಿಂದಲೂ ಒಂದು ದಿರ್ಹಮ್ ಮುಟ್ಟಿಲ್ಲ, ಇವತ್ತು ಈ ಹಾಲ್‌ನಲ್ಲೂ ಕೇಳ್ತಿಲ್ಲ. ನಾನು ತಿಂಗಳಿಗೆ ಒಂದು ದಿನದ ಓವರ್‌ಟೈಮ್ ದುಡ್ಡನ್ನ ನನ್ನ ಊರಿನ ಬ್ಯಾಂಕ್ ಖಾತೆಯಿಂದ ನೇರವಾಗಿ ಸಂಸ್ಥೆಗೆ ಹಾಕ್ತೀನಿ, ರಸೀದಿ ಬರುತ್ತೆ. ಭಾರತದ ಪಾಸ್‌ಪೋರ್ಟ್ ಇರೋ ನಾವು ನಮ್ಮ ಉಳಿತಾಯದಿಂದ ಬ್ಯಾಂಕ್ ಮೂಲಕ ಕೊಟ್ಟರೆ ಅದು ವಿದೇಶಿ ದೇಣಿಗೆ ಅನ್ನಿಸೋದಿಲ್ಲ. ಪಾಸ್‌ಪೋರ್ಟ್ ಬದಲಾದವರಿಗೆ ಬೇರೆ ಖಾತೆ, ಬೇರೆ ನಿಯಮ, ಅವರು ಸಂಸ್ಥೆಯನ್ನೇ ಕೇಳಿ ಕೊಡಬೇಕು. ಅವರವರ ಊರಿನ ಹತ್ತಿರ ಇಂಥ ಸಂಸ್ಥೆ ಇದ್ದರೆ ಅಲ್ಲಿಗೇ ಕೊಡಲಿ. ಯಾರು ಎಷ್ಟು ಕೊಟ್ಟರು ಅಂತ ನನಗೆ ಹೇಳಬೇಡಿ.

ದುಡ್ಡಿಗಿಂತ ಮೊದಲು ಇನ್ನೊಂದು ಮಾತಿದೆ. ಇವತ್ತು ರಾತ್ರಿ ಮನೆಗೆ ಫೋನ್ ಮಾಡಿದಾಗ, ದುಡ್ಡು ಬಂತಾ ಅಂತ ಕೇಳೋಕೆ ಮುಂಚೆ, ಮೈಗೆ ಹುಷಾರಾಗಿದ್ದೀಯಾ, ಏನಾದ್ರೂ ಮುಚ್ಚಿಡ್ತಿದ್ದೀಯಾ ಅಂತ ಕೇಳಿ. ಗಂಟು ಅಂದರೆ ಅದೇ ವಾರ ತೋರಿಸಿ. ಮನೆಯಲ್ಲಿ ಯಾರಾದರೂ ವಾಸಿಯಾಗದ ನೋವಿನಲ್ಲಿದ್ದರೆ ಉಪಶಮನ ಆರೈಕೆ ಎಲ್ಲಿದೆ ಅಂತ ಡಾಕ್ಟರನ್ನ ಬಾಯಿಬಿಟ್ಟು ಕೇಳಿ. ಕೊನೇ ದಿನದವರೆಗೂ ಕಾಯಬೇಕಾಗಿಲ್ಲ, ಚಿಕಿತ್ಸೆ ನಡೀತಿರುವಾಗಲೇ ಕೇಳಬಹುದು. ಊರವರು ಏನಂತಾರೆ ಅಂತ ನನ್ನ ಹಾಗೆ ಹದಿನಾರು ದಿನ ಕೂರಬೇಡಿ. ಅವಳು ಹೋದಮೇಲೆ ಊರವರು ಏನೂ ಅನ್ನಲಿಲ್ಲ. "ಕಡೇಗಾದ್ರೂ ನೆಮ್ಮದಿ ಕಂಡಳಲ್ಲಪ್ಪ" ಅಂದರು, ಅಷ್ಟೇ.