ಮೊದಲ ಹಿಡಿ

ಕನ್ನಡದಲ್ಲಿ 'ಮೀಸಲು' ಎಂಬ ಒಂದು ಮಾತಿದೆ. ಬಸ್ಸಿನ ಆಸನಕ್ಕೂ ಸರ್ಕಾರದ ಅರಣ್ಯಕ್ಕೂ ತಗುಲಿಸಿ ಅದರ ಕಳೆಯನ್ನು ನಾವು ಅಷ್ಟಿಷ್ಟು ಕುಂದಿಸಿದ್ದೇವೆ. ಹಳ್ಳಿಯ ಹಿರಿಯ ಹೆಂಗಸರ ಬಾಯಲ್ಲಿ ಮಾತ್ರ ಅದರ ಹಳೆಯ ಅರ್ಥವೇ ನಿಂತಿದೆ: ಯಾರೂ ಬಾಯಿಡುವ ಮುನ್ನ ದೇವರಿಗೆಂದು ಎತ್ತಿಟ್ಟದ್ದು. ಇದರ ಎದುರುಮಾತು ಎಂಜಲು. ಉಂಡು ಮಿಕ್ಕದ್ದನ್ನು ಎಷ್ಟೇ ಭಕ್ತಿಯಿಂದ ಕೊಟ್ಟರೂ ಅದು ಮೀಸಲಾಗದು. ಕ್ರೈಸ್ತರ ದಿನನಿತ್ಯದ ಬಾಳಿನಲ್ಲಿ ದೇವರಿಗೆ ಮೊದಲ ಸ್ಥಾನ ಎಂಬ ವಿಷಯವಾಗಿ ನಾಲ್ಕು ಮಾತನಾಡಬೇಕೆಂದಾಗ ನನಗೆ ಹೊಳೆದುದು ಈ ಶಬ್ದವೇ. ಕನ್ನಡ ಪಂಡಿತನ ಚಾಳಿ, ಬಿಡಲಾರದು.

ಮಂಗಳೂರು ಕಡೆಯ ಕೊಂಕಣಿ ಕಥೋಲಿಕರಿಗೆ ಸೆಪ್ಟೆಂಬರ್ 8 ಮೋಂತಿ ಹಬ್ಬ, ಮರಿಯಮ್ಮನವರ ಜನ್ಮದಿನ. ಅಂದು ಇಗರ್ಜಿಯಲ್ಲಿ ಆಶೀರ್ವದಿಸಿದ ಭತ್ತದ ತೆನೆ ಮನೆಗೆ ಬರುತ್ತದೆ. ಅದರ ಕಾಳು ಸುಲಿದು, ಹಾಲಿನಲ್ಲೋ ಪಾಯಸದಲ್ಲೋ ಬೆರೆಸಿ, ಹಿರಿಯರು ಮನೆಮಂದಿಗೆಲ್ಲ ಹಂಚುತ್ತಾರೆ. ಆ ಊಟಕ್ಕೆ ಮೀನಿಲ್ಲ, ಮಾಂಸವಿಲ್ಲ. ಕೊಡವರ ಪುತ್ತರಿಯನ್ನು ಕಂಡವರಿಗೆ ಇದು ತೀರ ಹೊಸತೆನಿಸದು. ನಮ್ಮ ಪ್ರೊಟೆಸ್ಟೆಂಟ್ ಸಭೆಗಳಲ್ಲಿ ಬೆಳೆ ಹಬ್ಬ ಉಂಟು. ಬಾಳೆಗೊನೆ, ತೆಂಗಿನಕಾಯಿ, ಕುಂಬಳಕಾಯಿಗಳನ್ನು ತಂದೊಪ್ಪಿಸುವುದು, ಆರಾಧನೆಯ ಬಳಿಕ ಏಲಂ. ದೂರದ ಮಿಜೋರಾಮಿನಲ್ಲಾದರೋ ವರುಷಕ್ಕೊಮ್ಮೆಯ ಮಾತಿಲ್ಲ. ಅಲ್ಲಿನ ಕ್ರೈಸ್ತ ಹೆಂಗಸರು ಅನ್ನಕ್ಕಿಡುವಾಗಲೆಲ್ಲ ಒಂದು ಹಿಡಿ ಅಕ್ಕಿಯನ್ನು ಬೇರೆ ಎತ್ತಿಡುತ್ತಾರೆ. 1910ರಲ್ಲಿ ತೊಡಗಿದ ಈ ಪದ್ಧತಿಗೆ ಅವರ ನುಡಿಯಲ್ಲಿ 'ಬುಹ್‌ಫೈ ಥಾಮ್' ಎಂದು ಹೆಸರು. ಹೀಗೆ ಕೂಡಿದ ಅಕ್ಕಿಯನ್ನು ಮಾರಿ ಬಂದ ಹಣ ಸಭೆಯ ಕಾರ್ಯಕ್ಕೆ ಸಲ್ಲುತ್ತದೆ.

ನಮ್ಮ ಮನೆಯಲ್ಲೂ ಇಂಥದೊಂದು ಮಡಕೆ ಇತ್ತು. ತಿಂಗಳ ಕೊನೆಗೆ ಅದರ ಅಕ್ಕಿ ಸಭೆಯ ಒಂಟಿ ಮುದುಕಿಯರಿಗೆ ಹೋಗುತ್ತಿತ್ತು. ನಾನು ಏಳನೆಯ ತರಗತಿಯಲ್ಲಿದ್ದ ವರುಷ, ತಂದೆಯವರು ದುಡಿಯುತ್ತಿದ್ದ ಹಂಚಿನ ಕಾರ್ಖಾನೆ ಮಳೆಗಾಲದ ನಡುವೆ ಬಾಗಿಲು ಮುಚ್ಚಿತು. ಎರಡು ಹೊತ್ತಿನ ಅನ್ನ ಹೋಗಿ ಒಂದು ಹೊತ್ತಿನ ಗಂಜಿ ಬಂತು. ಮಡಕೆಗೆ ಬೀಳುವ ಹಿಡಿ ಮಾತ್ರ ತಪ್ಪಲಿಲ್ಲ. "ದೇವರಿಗೇನು ಹಸಿವೆಯೇ ಅಮ್ಮಾ?" ಎಂದು ಕೇಳಿದೆ. ಅಮ್ಮ ಸಿಟ್ಟಾಗಲಿಲ್ಲ. "ಇವತ್ತು ಬಿಟ್ಟರೆ ನಾಳೆಗೂ ಒಂದು ಕಾರಣ ಸಿಗ್ತದೆ ಮಗಾ" ಎಂದಷ್ಟೇ ಹೇಳಿ ಒಲೆ ಊದತೊಡಗಿದರು.

ಬೈಬಲಿನಲ್ಲಿ ಚಾರೆಪ್ತಾ ಊರಿನ ವಿಧವೆಯ ಕಥೆಯಿದೆ. ಬರಗಾಲ, ಅವಳಲ್ಲಿ ಉಳಿದದ್ದು ಒಂದು ಹಿಡಿ ಹಿಟ್ಟು, ತುಸು ಎಣ್ಣೆ. ಅದನ್ನು ಸುಟ್ಟು, ಮಗನೊಡನೆ ತಿಂದು ಸಾಯುವುದೆಂದು ಸೌದೆ ಆಯುತ್ತಿದ್ದವಳನ್ನು ಪ್ರವಾದಿ ಎಲೀಯನು ಮೊದಲ ರೊಟ್ಟಿ ತನಗೆ ಕೊಡೆಂದು ಕೇಳಿದನು. ಈ ಕಥೆ ಬಹುಕಾಲ ನನಗೆ ರುಚಿಸುತ್ತಿರಲಿಲ್ಲ. ಬಡವಿಯ ಬಾಯ ತುತ್ತಿಗೆ ಕೈಯೊಡ್ಡುವ ದೇವರ ಮನುಷ್ಯನೆಂಥವನು? ಕೇಳಿದವನೂ ಹಸಿದವನೇ, ನೀರುಕುಡಿದ ಹಳ್ಳ ಬತ್ತಿ ಪರದೇಶಕ್ಕೆ ಬಂದವನು ಎಂಬುದು ಬಹಳ ತಡವಾಗಿ ನನ್ನ ಗಮನಕ್ಕೆ ಬಂತು. ದೇವರಿಗೆಂದು ಕೊಟ್ಟ ಮೊದಲ ರೊಟ್ಟಿ ಹೋದದ್ದು ಒಬ್ಬ ಹಸಿದ ಪರದೇಶಿಯ ಹೊಟ್ಟೆಗೆ. ದೇವರ ರಾಜ್ಯವೇ ಮೊದಲ ತವಕವಾಗಲಿ ಎಂದು ಯೇಸುಸ್ವಾಮಿ ಬೆಟ್ಟದ ಮೇಲೆ ಬೋಧಿಸಿದ್ದು ಕೂಡ ಹೊಟ್ಟೆ ತುಂಬಿದವರಿಗಲ್ಲ. ಊಟವೇನು, ಉಡುಗೆಯೇನು ಎಂಬ ಚಿಂತೆಯಲ್ಲಿದ್ದವರಿಗೆ.

ಒಂದು ಹಿಡಿ ಕೊಟ್ಟೆನಲ್ಲ, ಇನ್ನುಳಿದ ಮೂಟೆ ನನ್ನದು ಎಂಬ ಲೆಕ್ಕವೂ ಉಂಟು. ಹಬ್ಬ ಯಾವಾಗ ಮುಗಿದೀತು, ಕಿರುಗೊಳಗದಲ್ಲಿ ಧಾನ್ಯ ಅಳೆದು ಯಾವಾಗ ಮಾರೇವು ಎಂದು ಕಾಯುತ್ತಿದ್ದ ವರ್ತಕರನ್ನು ಪ್ರವಾದಿ ಆಮೋಸನು ಚೆನ್ನಾಗಿಯೇ ಜಾಡಿಸಿದ್ದಾನೆ. ಅವರನ್ನು ಆಡುವ ಬಾಯಿ ನನಗಿಲ್ಲ. ಬೆಳಗ್ಗೆ ಎದ್ದಾಗ ನನ್ನ ಕೈ ಮೊದಲು ಚಾಚುವುದು ಮೊಬೈಲ್ ಫೋನಿಗೆ. ಆಮೇಲೆ ಶಾಲೆ, ಮಕ್ಕಳ ಉತ್ತರಪತ್ರಿಕೆಗಳು. ರಾತ್ರಿ ರೆಪ್ಪೆ ಮುಚ್ಚಿಕೊಳ್ಳುವಾಗ ತೊದಲುವ ಪ್ರಾರ್ಥನೆಗೆ ಯಾವ ನಿಘಂಟಿನಲ್ಲೂ ಮೀಸಲು ಎಂಬ ಅರ್ಥ ದೊರಕದು. ಅರ್ಧ ಗಂಟೆ ಮೊದಲೇಳಬೇಕೆಂದು ವ್ರತ ಹಿಡಿದದ್ದುಂಟು, ಮುರಿದದ್ದೂ ಉಂಟು. ಈಗ ಮತ್ತೆ ಹಿಡಿದಿದ್ದೇನೆ.

ಚಾರೆಪ್ತಾದ ವಿಧವೆಯ ಹಿಟ್ಟು ಮುಗಿಯಲಿಲ್ಲವಂತೆ. ನಮ್ಮ ಮನೆಯ ಅಕ್ಕಿ ಮುಗಿಯಿತು. ಆಟಿ ತಿಂಗಳ ಒಂದು ಸಂಜೆ ಅಮ್ಮ ಅಂಗಡಿಗೆ ಹೋಗಿ ಎರಡು ಸೇರು ಸಾಲ ತಂದರು. ಚೀಲದ ಬಾಯಿ ಬಿಚ್ಚಿ, ನನ್ನನ್ನು ಕರೆದು, "ಇವತ್ತು ನೀನು ಹಾಕು" ಎಂದರು. ಹಿಡಿ ತುಂಬ ತೆಗೆದೆ. ಮಡಕೆಯ ಹತ್ತಿರ ಬರುವಷ್ಟರಲ್ಲಿ ಬೆರಳು ಸಡಿಲಿಸಿ ಅರ್ಧದಷ್ಟು ಕಾಳನ್ನು ಚೀಲಕ್ಕೇ ಜಾರಿಸಿದೆ. ಅಮ್ಮ ನೋಡಿದರು, ಏನೂ ಅನ್ನಲಿಲ್ಲ. ಉಳಿದದ್ದನ್ನು ನಾನು ಮಡಕೆಗೆ ಹಾಕಿದೆ.